ಆರಾಮ ಅದೀನಿ ಅಂದ ರಸ್ತೆ

ನಾನು ಮಾಡುವ ಕೆಲಸ ಏನೆಂದು ಮಡಕಶಿರದ ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಕೇಳಿದರೆ ಅಮ್ಮ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಲೇ, "ನಮ್ಮುಡ್ಗಿ ರೋಡು ನೋಡೋ ಕೆಲ್ಸಕ್ಕೆ ಸೇರ್ಕಂಡವ್ಳೆ ಕಣಮ್ಮ" ಎಂದುಬಿಡುತ್ತಾಳೆ. "ರೋಡ್ನಾಗೆ ನೋಡಾಕೇನೈತೆ?" ಎಂದು ಅವರು ಕೇಳುತ್ತಾರೆ. "ಅದ್ನೇ ನಾನೂ ಕೇಳ್ದೆ" ಎಂದು ಅಮ್ಮ ನಗುತ್ತಾಳೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಶುರುವಿನಲ್ಲಿ ಈ ಮಾತಿಗೆ ಉರಿದು ಬೀಳುತ್ತಿದ್ದೆ. ಈಗ ಯೋಚಿಸಿದರೆ ಅಮ್ಮ ಹೇಳುವುದರಲ್ಲಿ ತಪ್ಪೇನೂ ಇಲ್ಲ, ನಾನು ರಸ್ತೆ ನೋಡುವವಳೇ.

ರಸ್ತೆ ಬದಿಯ ಕಂಬಕ್ಕೆ ಏಣಿ ಹಾಕಿ, ಹತ್ತಿ, ಕ್ಯಾಮರಾ ಕಟ್ಟಿ ಬರುತ್ತೇನೆ. ಅದು ಕೆಲವು ದಿನ ಅಲ್ಲೇ ಕೂತು ಹೋಗಿ ಬರುವುದನ್ನೆಲ್ಲ ನೋಡುತ್ತದೆ. ಅದು ಕಂಡಿದ್ದನ್ನು ನಮ್ಮ ಆಫೀಸಿನ ಕಂಪ್ಯೂಟರು ನೋಡುತ್ತದೆ. ಹೇಗೆ ನೋಡಬೇಕೆಂದು ಅದಕ್ಕೆ ಕಲಿಸಿಟ್ಟಿದ್ದಾರೆ. ಲಾರಿ ಬಂದರೆ ಪರದೆಯ ಮೇಲೆ ಲಾರಿಯ ಸುತ್ತ ಒಂದು ಚೌಕ ಎಳೆದು ಲಾರಿ ಎನ್ನುತ್ತದೆ, ಮನುಷ್ಯರು ಬಂದರೆ ಅವರ ಸುತ್ತ ಚೌಕ ಎಳೆದು ಮನುಷ್ಯ ಎನ್ನುತ್ತದೆ. ಯಾರು ಎತ್ತಲಿಂದ ಎತ್ತ ಹೋದರು, ಎಷ್ಟು ಜೋರಾಗಿ ಹೋದರು ಎಂಬುದನ್ನೂ ಗುರುತಿಟ್ಟುಕೊಳ್ಳುತ್ತದೆ. ಎಲ್ಲಿ ರಸ್ತೆ ಉಬ್ಬು ಹಾಕಬೇಕು, ಎಲ್ಲಿ ದೀಪ ಬೇಕು, ಎಲ್ಲಿ ಏನೂ ಬೇಡ ಎಂದು ರಸ್ತೆ ಇಲಾಖೆಯವರು ಅದನ್ನು ನೋಡಿ ತೀರ್ಮಾನ ಮಾಡುತ್ತಾರೆ.

ಆದರೆ ಕಲಿಸಿದವರು ನಮ್ಮ ಕಡೆಯ ರಸ್ತೆ ತೋರಿಸಿ ಕಲಿಸಿಲ್ಲ. ರಾಯದುರ್ಗದಲ್ಲಿ ಬೀದಿಬೀದಿಗೂ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳಿವೆ. ಒಬ್ಬ ಮನುಷ್ಯ ಮೊಪೆಡ್ಡಿನ ಹಿಂದೆ, ಮುಂದೆ, ಕಾಲಿನ ಸಂದಿಯಲ್ಲಿ ಪ್ಯಾಂಟಿನ ಮೂಟೆ ಒಟ್ಟಿಕೊಂಡು ಬಂದರೆ ಯಂತ್ರ ಅವನನ್ನು ಲಾರಿ ಎಂದು ಬರೆದುಕೊಂಡಿತು. ಶೇಂಗಾ ಬಳ್ಳಿಯ ಹೊರೆ ಹೊತ್ತ ಹೆಂಗಸನ್ನು ಹೂಕುಂಡ ಎಂದಿತು. ಕುಂಡ ನಡೆದು ರಸ್ತೆ ದಾಟಿದ್ದು ಅದಕ್ಕೆ ವಿಚಿತ್ರವೇ ಅನ್ನಿಸಲಿಲ್ಲ. ಕುರಿಮಂದೆ ಬಂದರೆ ಪಾಪ, ಒಂದರ ಮೇಲೊಂದು ಚೌಕ ಎಳೆದು ಎಳೆದು ಪರದೆಯೇ ಮುಚ್ಚಿಹೋಗುತ್ತಿತ್ತು. ಇವನ್ನೆಲ್ಲ ಕೂತು ತಿದ್ದುವುದೂ ನನ್ನದೇ ಕೆಲಸ. ಒಬ್ಬಳೇ ಕೂತು ನಗುವಾಗ ಸಂಬಳ ಬೇರೆ ಕೊಡುತ್ತಾರಲ್ಲ ಅಂತ ಖುಷಿಯಾಗುತ್ತಿತ್ತು.

ಈ ಕೆಲಸದ ಮೇಲೆಯೇ ನಾನು ಡಿ. ಹಿರೇಹಾಳ್ ಕಡೆಯ ಒಂದು ಊರಿಗೆ ಹೋದದ್ದು. ಬಳ್ಳಾರಿಗೆ ಹೋಗುವ ರಸ್ತೆ ಆ ಊರಿನ ನಡುವೆಯೇ ಹಾದುಹೋಗುತ್ತದೆ. ಮೊದಲು ಅದು ಒಂದು ಬಸ್ಸು ಬಂದರೆ ಇನ್ನೊಂದು ಕೆಳಗಿಳಿದು ನಿಲ್ಲುವಂಥ ರಸ್ತೆಯಾಗಿತ್ತಂತೆ. ಅಗಲ ಮಾಡಿದ ಮೇಲೆ ಲಾರಿಗಳಿಗೆ ರೆಕ್ಕೆ ಬಂದವು, ಊರು ಎರಡು ಹೋಳಾಯಿತು. ಈಚೆ ಹೋಳಿನಲ್ಲಿ ನಾನು ಉಳಿದುಕೊಂಡಿದ್ದ ಮನೆ. ಆ ಮನೆಯಲ್ಲಿ ಒಬ್ಬ ಅಜ್ಜಿ, ಅವರ ಸೊಸೆ. ಸೊಸೆ ದಿನಾ ಬೆಳಿಗ್ಗೆ ಹೆಂಗಸರ ಒಂದು ಗುಂಪು ಕಟ್ಟಿಕೊಂಡು ಆಂಧ್ರದ ಗಡಿ ದಾಟಿ ಬಳ್ಳಾರಿ ಕಡೆಯ ಹೊಲಗಳಿಗೆ ಮೆಣಸಿನಕಾಯಿ ಬಿಡಿಸಲು ಹೋಗುವವರು. ಅಜ್ಜಿಯ ಸ್ವಂತ ಅಕ್ಕ ಇರುವುದು ರಸ್ತೆಯ ಆಚೆ ಹೋಳಿನಲ್ಲಿ, ನೇರ ಎದುರಿಗೆ. ಒಂದೇ ಚಪ್ಪರದಲ್ಲಿ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ಅಕ್ಕತಂಗಿಯರು ಅವರು.

ಮದುವೆಯಾದಾಗಿನಿಂದ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂತು ಎಲೆ ಅಡಿಕೆ ಹಾಕಿಕೊಳ್ಳುವುದು ತಪ್ಪಿರಲಿಲ್ಲ. ಈಗ ಅಕ್ಕನಿಗೆ ಮೊಣಕಾಲು ಹಿಡಿದು ಕಟ್ಟೆ ಇಳಿಯಲಾಗದು. ತಂಗಿಯ ಕಾಲು ಗಟ್ಟಿಯಿತ್ತು, ಆದರೆ ಒಮ್ಮೆ ರಸ್ತೆ ನಡುವೆ ಇದ್ದಾಗ ಲಾರಿಯೊಂದು ಕಿವಿ ಹರಿಯುವಂತೆ ಹಾರನ್ ಹೊಡೆದು ಎಲೆ ಅಡಿಕೆ ಸಂಚಿ ಕೈಯಿಂದ ಬಿದ್ದುಹೋಯಿತು. ಅಜ್ಜಿಗೆ ಏನೂ ಆಗಲಿಲ್ಲ, ಸಂಚಿಯ ಮೇಲೆ ಲಾರಿ ಹತ್ತಿತು. ಅವತ್ತಿನಿಂದ ಅವರಿಗೆ ಒಬ್ಬರೇ ದಾಟುವ ಧೈರ್ಯ ಹೋಯಿತು. ಯಾರಾದರೂ ಕೈ ಹಿಡಿದು ದಾಟಿಸುತ್ತೇನೆ ಎಂದರೆ ಅದಕ್ಕೂ ಒಲ್ಲರು. "ನಾ ಏನು ಕುರಿ ಅದೀನೇನು, ಹಿಡ್ಕಂಡು ಹೋಗಾಕ?" ಎನ್ನುತ್ತಿದ್ದರು.

ಹಾಗಾಗಿ ಅಕ್ಕತಂಗಿಯರು ತಮ್ಮ ತಮ್ಮ ಕಟ್ಟೆಯ ಮೇಲೆ ಕೂತು ರಸ್ತೆ ಮೇಲಿಂದ ಕೂಗಿ ಮಾತಾಡುತ್ತಿದ್ದರು. ಅದನ್ನು ಕೇಳಬೇಕಿತ್ತು. "ಇವತ್ತೇನು ಸಾರು ಮಾಡೀ?" ಎಂದು ಇವರು ಕೂಗುವುದು, ಅಷ್ಟರಲ್ಲಿ ಲಾರಿ. "ಏನಂದೀ?" ಎಂದು ಅವರು ಕೂಗುವುದು, ಮತ್ತೆ ಲಾರಿ. ಒಂದು ಸಾರಿನ ವಿಷಯ ಆಚೆಯಿಂದ ಈಚೆಗೆ ಬರುವ ಹೊತ್ತಿಗೆ ಸಾರು ಖಾಲಿಯಾಗಿರುತ್ತಿತ್ತು. ನೋಡುವವರಿಗೆ ನಗು ಬರುತ್ತಿತ್ತು. ಆದರೆ ಅಜ್ಜಿ ಮಾತು ಮುಗಿಸಿ ಒಳಗೆ ಬಂದು ಒಬ್ಬರೇ ಎಲೆಗೆ ಸುಣ್ಣ ಹಚ್ಚುವಾಗ ಮುಖ ಚಿಕ್ಕದಾಗಿರುತ್ತಿತ್ತು.

ಬಿಳಿ ಪಟ್ಟಿ ಬಳಿದು, ಎರಡೂ ಕಡೆ ಉಬ್ಬು ಹಾಕಿ, ಮಿಣಮಿಣ ಎನ್ನುವ ಹಳದಿ ದೀಪ ನೆಟ್ಟುಕೊಡಿ ಎಂದು ಊರವರು ಅರ್ಜಿ ಕೊಟ್ಟಿದ್ದರು. ಮೊದಲು ಕ್ಯಾಮರಾ ನೋಡಲಿ, ದಾಟುವ ಜನ ಸಾಕಷ್ಟು ಇದ್ದಾರೆಂದು ಅದು ಹೇಳಿದರೆ ಹಾಕೋಣ ಎಂದಿದ್ದರು ಇಲಾಖೆಯವರು. ನಾನು ಕಂಬ ಹತ್ತುವಾಗ ಅರ್ಧ ಊರೇ ಕೆಳಗೆ ನಿಂತಿತ್ತು. ಸಚಿವಾಲಯಂ ಎಂದು ಕರೆಯುವ ಊರಿನ ಸರ್ಕಾರಿ ಕಚೇರಿಯ ಮುಂದೆ ಎಲ್ಲರಿಗೂ ತಿಳಿಸಿ ಹೇಳಿದೆ. ಇದು ಫೋಟೋ ಅಲ್ಲ, ದಿನವಿಡೀ ನೋಡುತ್ತದೆ, ನಿಮ್ಮ ರಸ್ತೆ ಹೇಗಿದೆಯೆಂದು ಇದರಲ್ಲೇ ಸಾಹೇಬರಿಗೆ ಗೊತ್ತಾಗುತ್ತದೆ ಎಂದೆ. "ಸಾಹೇಬ್ರು ನೋಡ್ತಾರೇನ್ರಿ?" ಎಂದು ಅಜ್ಜಿ ಕೇಳಿದರು. "ನೋಡ್ತಾರಜ್ಜಿ" ಎಂದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ನಾನು ನೆಮ್ಮದಿಯಿಂದ ಬಸ್ಸು ಹತ್ತಿ ರಾಯದುರ್ಗದ ಇನ್ನೊಂದು ಕೆಲಸಕ್ಕೆ ಹೋದೆ.

ಕ್ಯಾಮರಾ ಬಿಚ್ಚುವ ದಿನ ಬೇರೆಯವರು ಹೋಗಿ ಬಿಚ್ಚಿ ತಂದಿದ್ದರು. ನನ್ನನ್ನು ಆಫೀಸಿಗೆ ಕರೆಸಿದರು. ನಮ್ಮ ಮೇಲಧಿಕಾರಿ ತೆಲುಗಿನವರು, ನಗುವುದು ಅಪರೂಪ. ಪರದೆಯನ್ನು ನನ್ನ ಕಡೆ ತಿರುಗಿಸಿ, "ಏಂದಮ್ಮಾ ಇದಿ? ರೋಡ್ಡಾ, ಪೆಂಡ್ಲಿ ಪಂದಿರಾ?" ಎಂದರು. ರಸ್ತೆಯೋ ಮದುವೆ ಚಪ್ಪರವೋ ಎಂದು ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ರಸ್ತೆಯ ಎರಡೂ ಅಂಚು ಗುಡಿಸಿ ನೀರು ಚಿಮುಕಿಸಿದ್ದರು. ಕಂಬದ ಬುಡಕ್ಕೆ ಅರಿಶಿನ, ಕುಂಕುಮ. ಡಾಂಬರಿನ ಅಂಚಿನಲ್ಲಿ ಎರಡು ದೊಡ್ಡ ನವಿಲಿನ ರಂಗೋಲಿ. ಯಂತ್ರ ಆ ರಂಗೋಲಿಯ ಸುತ್ತ ಚೆಂದವಾಗಿ ಚೌಕ ಎಳೆದು ಹಕ್ಕಿ ಎಂದು ಬರೆದಿತ್ತು.

ಜನ ಮಾತ್ರ ಒಬ್ಬರೂ ಇರಲಿಲ್ಲ. ಮೆಣಸಿನಕಾಯಿಗೆ ಹೋಗುವ ಹೆಂಗಸರಿಲ್ಲ, ಕುರಿ ಇಲ್ಲ, ಗಾಡಿ ಇಲ್ಲ, ಬಿಂದಿಗೆ ಹೊತ್ತವರಿಲ್ಲ. ಲಾರಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಒಂದು ನಾಯಿ ದಾಟಿತು. ಆಮೇಲೆ ಬಿಳಿ ಅಂಗಿ ತೊಟ್ಟ ಒಬ್ಬ ಹಿರಿಯರು ಬಂದು, ನವಿಲು ಅಳಿಸಿಹೋಗಿಲ್ಲ ತಾನೇ ಎಂದು ಬಗ್ಗಿ ನೋಡಿ, ಕ್ಯಾಮರಾಕ್ಕೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿ ಹಿಂದೆ ಹೋದರು. ಅಷ್ಟೇ. ಅಲ್ಲಿ ದಾಟುವವರೇ ಇಲ್ಲ, ಪಟ್ಟಿ ಬೇಡ, ಉಬ್ಬು ಬೇಡ, ದೀಪವೂ ಬೇಡ ಎಂದು ಯಂತ್ರದ ತೀರ್ಮಾನ ಬಂದಿತ್ತು.

ನಾನು ಬುಸುಗುಡುತ್ತ ಊರಿಗೆ ಬಂದೆ. ಬಸ್ಸಿಳಿದವಳೇ ಅಜ್ಜಿಯ ಕಟ್ಟೆಯ ಮೇಲೆ ಕೂತಿದ್ದವರಿಗೆಲ್ಲ ಸೇರಿಸಿ ಬೈಯಲು ಶುರು ಮಾಡಿದೆ. "ನಿಮ್ಗೆ ದಾಟಾಕೆ ದಾರಿ ಬೇಕು ಅಂತ ನಾನು ಕಂಬ ಹತ್ತಿದ್ರೆ, ನೀವು ರಂಗೋಲಿ ಹಾಕ್ಕಂಡು ಒಳಗ್ಕೂತಿದ್ರಾ? ಎಲ್ಲಿ ಹೋಗಿದ್ರಿ ಎಲ್ಲಾ?"

ಸೊಸೆ ಅಪರಾಧಿಯಂತೆ ಸೆರಗು ಸರಿಮಾಡಿಕೊಂಡರು. "ಊರ ಹೊರಗಿನ ಮೋರಿ ಕೆಳಗ ಬಗ್ಗಿ ಹಾಯ್ದು ಹೋಗಿದ್ವಿರಿ. ಕುರಿಗುಳನೂ ಆ ಕಡಿಂದನ ಹೊಡ್ಕಂಡು ಹೋದ್ರು. ಸಾಹೇಬ್ರು ನೋಡೋ ಮುಂದ ಬೀದ್ಯಾಗ ಅಡ್ಡಾಡಿದ್ರ ಏನು ತಿಳ್ಕಂತಾರ್ರಿ? ಈ ಊರಾಗ ಶಿಸ್ತಿಲ್ಲ ಅಂತಾರ. ಬೀಗ್ರು ಬರ್ತಾರಂದ್ರ ಮನಿ ಹಸನ ಮಾಡಂಗಿಲ್ಲೇನ್ರಿ?"

ಅಜ್ಜಿ ಮೆಲ್ಲಗೆ ಹೇಳಿದರು: "ನಾನಂತೂ ಅಕ್ಕನ್ನ ಕೂಗಿನೂ ಇಲ್ಲವ್ವಾ. ಅಷ್ಟು ದಿನಾನೂ ಕೂಗಿಲ್ಲ. ಗದ್ಲ ಆಗ್ತೈತಿ, ಸಾಹೇಬ್ರಿಗೆ ಬ್ಯಾಸ್ರ ಆದೀತು ಅಂತ ಬಾಯಿ ಬಿಗಿ ಹಿಡ್ಕಂಡಿದ್ದೆ. ದಾರಿ ಕೊಟ್ರ ಒಮ್ಮಿಗೇ ಹೋಗಿ ಮಾತಾಡಿದ್ರಾಯ್ತು ಅಂತಿದ್ದೆ."

ಕ್ಯಾಮರಾಕ್ಕೆ ಶಬ್ದ ಕೇಳುವುದೇ ಇಲ್ಲ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವರ ಪಕ್ಕದಲ್ಲಿ ಕೂತುಬಿಟ್ಟೆ. ಸೊಸೆ ಚಹಾ ತಂದರು. ವಾತಾವರಣ ತಿಳಿಯಾಗಲೆಂದೋ ಏನೋ, ಅತ್ತೆಯ ಒಂದು ಕಥೆ ತೆಗೆದರು. ಹಿಂದೊಮ್ಮೆ ಅಜ್ಜಿಗೆ ಬೆನ್ನು ನೋವು ಬಂದು ನೆಟ್ಟಗೆ ನಿಲ್ಲಲಾಗದೆ ಬಳ್ಳಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಡಾಕ್ಟರ ಹತ್ತಿರ ಹೋಗುವುದೆಂದು ಅಜ್ಜಿ ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯ ಹಸಿರು ಸೀರೆ ಉಟ್ಟು, ಹಲ್ಲು ಕಚ್ಚಿ ನೆಟ್ಟಗೆ ನಡೆದು ಹೋಗಿ ಕುರ್ಚಿಯ ಮೇಲೆ ಕೂತರಂತೆ. "ಹೆಂಗದೀರಮ್ಮಾ?" ಎಂದು ಡಾಕ್ಟರು ಕೇಳಿದ್ದಾರೆ. "ಆರಾಮ ಅದೀನ್ರಿ. ನೀವು ಆರಾಮ?" ಎಂದಿದ್ದಾರೆ ಅಜ್ಜಿ. ಡಾಕ್ಟರು ಒಂದು ಶಕ್ತಿ ಮಾತ್ರೆ ಬರೆದು ಕಳಿಸಿಕೊಟ್ಟರಂತೆ. ಹೊರಗೆ ಬಂದ ಮೇಲೆ ಅಜ್ಜಿ ಬೆಂಚಿನ ಮೇಲೆ ಬಗ್ಗಿ ಕೂತು "ಯವ್ವಾ ಸತ್ತೆ" ಎಂದರಂತೆ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅಜ್ಜಿ. ನಗುತ್ತ ನಗುತ್ತಲೇ ತಟ್ಟನೆ ನಿಲ್ಲಿಸಿ ನನ್ನ ಮೊಣಕಾಲು ಹಿಡಿದು, "ಏ ಮೇಡಮ್ಮ, ಹಂಗಾರ ನಮ್ಮ ರಸ್ತಿನೂ ಆರಾಮ ಅದೀನಿ ಅಂದುಬಿಡ್ತಲ್ಲ!" ಎಂದರು.

ನಾನು ಎಷ್ಟು ಭಾಷಣ ಮಾಡಿದ್ದರೂ ಇಷ್ಟು ಚೆನ್ನಾಗಿ ತಿಳಿಸಲು ಆಗುತ್ತಿರಲಿಲ್ಲ.

ಇನ್ನೊಮ್ಮೆ ಕ್ಯಾಮರಾ ಇಡಲು ಅನುಮತಿ ಕೇಳಲು ಹೋದಾಗ ಮೇಲಧಿಕಾರಿಗೆ ಈ ಆಸ್ಪತ್ರೆ ಕಥೆಯನ್ನೇ ಹೇಳಿದೆ. ಅವರು ಕೆಮ್ಮುವವರ ಹಾಗೆ ಮುಖ ಅತ್ತ ತಿರುಗಿಸಿದರು. ಅವರ ತಾಯಿಯೂ ಹಾಗೇ ಅಂತೆ, ಆಮೇಲೆ ಗೊತ್ತಾಯಿತು. "ಇದೇ ಕೊನೆ. ಈ ಸಲವೂ ಖಾಲಿ ಬಂದರೆ ಮತ್ತೆ ಆ ಊರಿನ ಹೆಸರೆತ್ತಬೇಡ" ಎಂದರು.

ಕ್ಯಾಮರಾ ಮತ್ತೆ ಕಂಬ ಏರಿತು. ಈ ಸಲ ನಾನು ಊರು ಬಿಟ್ಟು ಕದಲಲಿಲ್ಲ. "ಏನೂ ಮಾಡಬೇಡಿ, ದಿನಾ ಹೇಗಿರ್ತೀರೋ ಹಂಗೇ ಇರಿ" ಎಂದು ಮನೆಮನೆಗೆ ಹೋಗಿ ಹೇಳಿ ಬಂದೆ. ದಿನಾ ಇದ್ದ ಹಾಗೆ ಇರುವುದು ಎಷ್ಟು ಕಷ್ಟ ಎಂದು ಅವತ್ತು ನೋಡಿದೆ. ಬೆಳಿಗ್ಗೆ ರಸ್ತೆ ದಾಟಿದವರೆಲ್ಲ ಮದುಮಗಳು ಮಂಟಪಕ್ಕೆ ಬಂದ ಹಾಗೆ ತಲೆ ತಗ್ಗಿಸಿ, ನಡುರಸ್ತೆಯಲ್ಲಿ ಒಂದು ಕ್ಷಣ ನಿಂತು, ಕಂಬದ ಕಡೆ ಕಳ್ಳನೋಟ ನೋಡಿ ಹೋದರು. ಒಬ್ಬರು ಹೊಸ ಚಪ್ಪಲಿ ಹಾಕಿಕೊಂಡು ಸುಮ್ಮನೆ ಎರಡು ಸಲ ದಾಟಿದರು. ನಾನು ಕಟ್ಟೆಯ ಮೇಲೆ ಕೂತು ಹಣೆ ಚಚ್ಚಿಕೊಂಡೆ. ಆದರೆ ಕೆಲಸ ಯಾರನ್ನು ಬಿಡುತ್ತದೆ? ಬಿಸಿಲೇರುವ ಹೊತ್ತಿಗೆ ಎಲ್ಲರಿಗೂ ಮರೆತುಹೋಯಿತು. ಕುರಿ ಬಂದವು, ಮೇವಿನ ಗಾಡಿ ಬಂತು, ಸಂಜೆ ಸೊಸೆಯ ಗುಂಪು ಮೆಣಸಿನ ಘಾಟಿಗೆ ಸೀನುತ್ತ, ಕೂಗಾಡುತ್ತ, ಲಾರಿಗಳಿಗೆ ಕೈ ಅಡ್ಡ ಮಾಡಿ ಓಡಿತು. ರಸ್ತೆ ತನ್ನ ನಿಜವಾದ ಮುಖ ತೋರಿಸಿತು.

ಅಜ್ಜಿ ಮಾತ್ರ ಬೆಳಿಗ್ಗೆ ಒಂದು ಪ್ರಶ್ನೆ ಕೇಳಿದ್ದರು. "ನಿನ್ನ ಮಿಶನ್ನು ದಾಟಿದೋರ್ನ ಬರ್ಕಂತೈತಿ. ನಾ ಅಂಜಿ ದಾಟಂಗಿಲ್ಲ. ಹಂಗಾರ ಅದರ ಲೆಕ್ಕದಾಗ ನಾ ಇಲ್ಲಽ ಇಲ್ಲೇನು?"

ಇಷ್ಟು ಕಂಬ ಹತ್ತಿದ್ದೇನೆ, ಈ ಮಾತು ನನ್ನ ತಲೆಗೇ ಬಂದಿರಲಿಲ್ಲ. ಹೆದರಿ ನಿಂತವರನ್ನು ಯಾವ ಯಂತ್ರವೂ ಕೇಳುವುದಿಲ್ಲ. ಅಜ್ಜಿ ಹೊಸ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ರಸ್ತೆ ಅಂಚಿನ ಕಲ್ಲಿನ ಮೇಲೆ ಕೂತರು. ಲಾರಿ ಇಲ್ಲದಾಗ ಏಳುವುದು, ಒಂದು ಹೆಜ್ಜೆ ಇಡುವುದು, ದೂರದಲ್ಲಿ ಹಾರನ್ ಕೇಳಿದೊಡನೆ ಹಿಂದೆ ಬಂದು ಕೂರುವುದು. ಸೊಸೆ ಕರೆದರು, ನಾನು ಕರೆದೆ, ಬರಲಿಲ್ಲ. ಅವರು ನಟನೆ ಮಾಡುತ್ತಿರಲಿಲ್ಲ. ದಾಟಬೇಕೆಂಬ ಆಸೆ ಅವರಿಗೆ ನಿಜವಾಗಿ ಇತ್ತು, ಪ್ರತಿ ಸಲವೂ.

ಆಫೀಸಿನಲ್ಲಿ ಆ ದೃಶ್ಯಗಳನ್ನು ನೋಡುತ್ತಿದ್ದಾಗ ಮೇಲಧಿಕಾರಿ ಪರದೆಯ ಒಂದು ಮೂಲೆಗೆ ಬೆರಳಿಟ್ಟರು. ರಸ್ತೆಯ ಮೇಲೆ ಚೌಕಗಳು ಓಡಾಡುತ್ತಿದ್ದವು, ಒಂದು ಚೌಕ ಮಾತ್ರ ಆ ಮೂಲೆ ಬಿಟ್ಟು ಹೋಗುತ್ತಿರಲಿಲ್ಲ. ಮನುಷ್ಯ ಎಂದು ಬರೆದಿತ್ತು. "ಈ ಅಮ್ಮ ಏನು ಮಾಡುತ್ತಿದ್ದಾರೆ ಇಲ್ಲಿ, ಬೆಳಗಿನಿಂದ?" ಎಂದು ಕೇಳಿದರು.

"ದಾಟೋಕೆ ಕಾಯ್ತಾ ಇದಾರೆ ಸರ್."

ಅಜ್ಜಿ ಎದ್ದು, ಒಂದು ಹೆಜ್ಜೆ ಇಟ್ಟು, ಹಿಂದೆ ಬಂದು ಕೂರುವುದನ್ನು ಅವರು ತುಸು ಹೊತ್ತು ನೋಡಿದರು. ಆಮೇಲೆ ಇಲಾಖೆಗೆ ಕಳಿಸುವ ವರದಿಯಲ್ಲಿ ದಾಟಿದವರ ಲೆಕ್ಕದ ಕೆಳಗೆ, ದಾಟಲಾಗದೆ ಕಾದವರೂ ಇದ್ದಾರೆ ಎಂದು ತಾವೇ ಒಂದು ಸಾಲು ಸೇರಿಸಿ, ಆ ಚಿತ್ರವನ್ನೂ ಹಚ್ಚಿ ಕಳಿಸಿದರು. ನಗುವುದೇ ಇಲ್ಲವೆಂದು ಆ ಮನುಷ್ಯನ ಮೇಲೆ ನನಗಿದ್ದ ಹಳೆಯ ಸಿಟ್ಟೆಲ್ಲ ಅವತ್ತಿಗೆ ಹೋಯಿತು.

ಬಿಳಿ ಪಟ್ಟಿ ಬಂತು. ಉಬ್ಬುಗಳು ಬಂದವು, ಹಳದಿ ದೀಪ ಬಂತು. ಸರ್ಕಾರದ ಕೆಲಸ, ಬರುವಷ್ಟು ನಿಧಾನವಾಗಿಯೇ ಬಂತು. ಹಾಕಿದ ಮೇಲೆ ಹೇಗಿದೆ ಎಂದು ಮತ್ತೆ ನೋಡಬೇಕಲ್ಲ, ಕಂಡದ್ದನ್ನು ಆಗಿಂದಾಗಲೇ ಆಫೀಸಿಗೆ ಕಳಿಸುವ ಹೊಸ ಕ್ಯಾಮರಾ ಹಿಡಿದುಕೊಂಡು ಹೋಗಿ ಕಂಬಕ್ಕೆ ಕಟ್ಟಿದೆ. ಊರಿನಲ್ಲಿ ಹಬ್ಬದ ಕಳೆ. ಸೊಸೆ ಹೋಳಿಗೆ ಮಾಡಿದ್ದರು. ನೇಮಕಲ್ಲು ಆಂಜನೇಯನಿಗೆ ಹರಕೆ ಒಪ್ಪಿಸಿ ಬಂದ ಕುಂಕುಮ ನನ್ನ ಹಣೆಗೂ ಬಂತು, ಕಂಬಕ್ಕೂ ಬಂತು. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಊಟವಾದ ಮೇಲೆ ಅಜ್ಜಿ ಹಸಿರು ಸೀರೆ ಉಟ್ಟು ಹೊರಗೆ ಬಂದರು, ಆಸ್ಪತ್ರೆಗೆ ಉಟ್ಟಿದ್ದ ಅದೇ ಸೀರೆ. ಬಿಳಿ ಪಟ್ಟಿಯ ಅಂಚಿನಲ್ಲಿ ನಿಂತರು. ಬಳ್ಳಾರಿ ಕಡೆಯಿಂದ ಒಂದು ಲಾರಿ ಬರುತ್ತಿತ್ತು. ಅವರ ಕೈ ಸಂಚಿಯನ್ನು ಗಟ್ಟಿಯಾಗಿ ಹಿಡಿದದ್ದು ಕಂಡಿತು. ಲಾರಿ ಉಬ್ಬಿನ ಮೇಲೆ ಏರಿ, ಇಳಿದು, ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ, "ಹೋಗ್ರಮ್ಮಾ, ಹೋಗ್ರಿ" ಎಂದ. ಅಜ್ಜಿ ಹೊರಟರು. ನಡುವೆ ಒಮ್ಮೆ ನಿಂತು ಲಾರಿಯನ್ನು ಮೇಲಿಂದ ಕೆಳಗಿನವರೆಗೂ ನೋಡಿ, "ಆರಾಮ ಅದೀಯೇನಪ್ಪಾ?" ಎಂದು ಡ್ರೈವರನನ್ನು ವಿಚಾರಿಸಿಕೊಂಡೇ ಮುಂದೆ ಹೋದರು. ಆಚೆ ಕಟ್ಟೆಯ ಮೇಲೆ ಅಕ್ಕ ಎರಡೂ ಕೈ ಚಾಚಿ ಕೂತಿದ್ದರು. ಅವರು ತಂಗಿಯ ಮುಖ ಸವರಿದ್ದನ್ನು ನೋಡಿ ಸೊಸೆ ಅತ್ತರು, ನಾನೂ ಅತ್ತೆ.

ಸ್ವಲ್ಪ ಹೊತ್ತಿಗೆ ಅಜ್ಜಿ ವಾಪಸು ಬಂದರು. ಅಕ್ಕನ ಮನೆಯಲ್ಲಿ ಸುಣ್ಣ ಗಟ್ಟಿಯಾಗಿದೆಯಂತೆ. ಸುಣ್ಣದ ಡಬ್ಬಿ ತೆಗೆದುಕೊಂಡು ಹೋದರು. ಮತ್ತೆ ಬಂದರು, ಅಡಕತ್ತರಿ ಬೇಕಂತೆ. ಹೋದರು. ಅಕ್ಕನಿಗೆ ಹೋಳಿಗೆ ಕೊಡುವುದು ಮರೆತೆ ಎಂದು ಬಂದರು. ಹೋಳಿಗೆಗೆ ತುಪ್ಪ ಎಂದು ಬಂದರು. ತಟ್ಟೆ ಹಿಂದಕ್ಕೆ ಕೊಡಲು ಬಂದರು. ಬಿಸಿಲು ಇಳಿಯಿತು, ಹಳದಿ ದೀಪ ಮಿಣುಗತೊಡಗಿತು, ಲಾರಿಗಳು ಬಂದು ಬಂದು ನಿಂತವು, ಅಜ್ಜಿ ದಾಟುತ್ತಲೇ ಇದ್ದರು.

ಅಷ್ಟರಲ್ಲಿ ಮೇಲಧಿಕಾರಿಯ ಫೋನು ಬಂತು. ಅಲ್ಲಿ ಅವರು ಪರದೆ ನೋಡುತ್ತಿದ್ದರು. "ಯಂತ್ರ ಏನೋ ತಪ್ಪು ಮಾಡುತ್ತಿದೆ. ಅದೇ ಅಮ್ಮ, ಅದೇ ಹಸಿರು ಸೀರೆ. ದಾಟಿದಾಗಲೆಲ್ಲ ಹೊಸ ಮನುಷ್ಯ ಎಂದು ಬರೆದುಕೊಳ್ಳುತ್ತಿದೆ. ಎಲ್ಲ ಅಳಿಸಿ ಒಂದೇ ಎಂದು ಮಾಡಲೇ?" ಎಂದರು.

ನಾನು ರಸ್ತೆ ನೋಡಿದೆ. ಅಜ್ಜಿ ಬರಿಗೈಯಲ್ಲಿ ಬರುತ್ತಿದ್ದರು. ಈ ಸಲ ನೆಪ ಹುಡುಕುವ ಗೋಜಿಗೂ ಹೋದಂತಿರಲಿಲ್ಲ. ನನ್ನನ್ನು ನೋಡಿ ನಕ್ಕು, ಅಂಚಿನವರೆಗೆ ಬಂದು, ಅಲ್ಲಿಂದಲೇ ತಿರುಗಿದರು.

"ಬೇಡ ಸರ್" ಎಂದೆ. "ಒಂದನ್ನೂ ಅಳಿಸಬೇಡಿ. ಎಷ್ಟೋ ದಿನದ ಬಾಕಿ ತೀರಿಸ್ತಾ ಇದಾರೆ."